ಹಳೇ ಪೆಟ್ರೋಲ್ ಜೀಪು ಕರಿ ಹೊಗಿ ಉಗಳಾಕತ್ತೈತಿ, ಮಿಕ್ಸ್ಚರ್ ಸ್ಕ್ರೂ ತಿರುವಿದ್ರೂ ಫರಕ ಇಲ್ಲ, ಯಾರರ ದಾರಿ ಹೇಳ್ರಿ

ಎರಿಹೊಲ_ಜೀಪು (ಸಿಂದಗಿ ಕಡೆ, ವಿಜಯಪುರ)
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಜ್ಜಾರ ಕಾಲದ್ದು 1967ರ ಮಹೀಂದ್ರಾ ಸಿಜೆ-3ಬಿ ಐತಿ, ಪೆಟ್ರೋಲ್, ಹರಿಕೇನ್ ಇಂಜಿನ್, ಫೋರ್ ವೀಲ್ ಎಲ್ಲಾ ಹಿಡೀತೈತಿ. ಏಳೆಂಟು ವರ್ಷ ಹೊಲದ ಮನಿ ಪತ್ರಾಸ್ ಶೆಡ್ಡಿನಾಗ ನಿಂತಿತ್ತು, ಹ್ವಾದ ದೀಪಾವಳಿಗೆ ಹೊರಗ ತಗದ್ವಿ. ಇಂಜಿನ್ ಜಾಮ್ ಆಗಿರ್ಲಿಲ್ಲ, ದೇವರ ದಯಾ. ಈಗ ತ್ರಾಸು ಏನಂದ್ರ ತಣ್ಣಗಿದ್ದಾಗ ಒಂದ ಸೆಲ್ಫ್‌ಗೆ ಎದ್ದು ಭಾರಿ ಚಲೋ ಓಡ್ತೈತಿ, ಹತ್ತು ನಿಮಿಷ ಬಿಸಿ ಆತು ಅಂದ್ರ ಸ್ಲೋದಾಗ (ಆಕ್ಸಲೇಟರ್ ಬಿಟ್ಟು ನಿಂತಲ್ಲೇ ಓಡೂ ಮುಂದ) ಕುಂಟಾಕ ಸುರು ಮಾಡ್ತೈತಿ, ಹಿಂದ ಕರಿ ಹೊಗಿ, ಪೆಟ್ರೋಲ್ ವಾಸನಿಗೆ ಕಣ್ಣ ಉರೀತಾವು. ಪ್ಲಗ್ ನಾಕೂ ಬಿಚ್ಚಿದ್ರ ಒಣಾ ಮಸಿ, ಬೆರಳಿಗೆ ಕಾಡಿಗಿ ಹತ್ತಿದಂಗ ಹತ್ತತೈತಿ. ಆವರೇಜ್ ಲೀಟರಿಗೆ 4 ಕಿಲೋಮೀಟರ್. ಪೆಟ್ರೋಲ್ ರೇಟು ನಿಮಗ ಗೊತ್ತದ.

ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಕೂಡಿಸಿ ಇಂಜಿನ್ನಿಗೆ ಕೊಡೂದು) ಸೋಲೆಕ್ಸ್ ಕಂಪನೀದು ಐತಿ. ಇಷ್ಟ ಮಾಡೀವಿ: ಮಿಸ್ತ್ರಿ ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳದು ಹವಾ ಹೊಡದು ಹೊಸಾ ಕಿಟ್ ಹಾಕ್ಯಾನ, ಪ್ಲಗ್ ಹೊಸಾವು, ಏರ್ ಕ್ಲೀನರ್ ಎಣ್ಣಿ ಬದಲಿ ಮಾಡೀವಿ, ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗ ಬಿಗದ್ರೂ ಇಂಜಿನ್ ಬಂದ್ ಬೀಳಂಗಿಲ್ಲ, ಹೊಗೀನೂ ಕಡಿಮಿ ಆಗಂಗಿಲ್ಲ. ಚೋಕ್ (ತಣ್ಣಗಿದ್ದಾಗ ಏಳಾಕ ಪೆಟ್ರೋಲ್ ಜಾಸ್ತಿ ಮಾಡೂದು) ಬಗ್ಗೆ ಕೇಳಬ್ಯಾಡ್ರಿ, ಮ್ಯಾಲಿಂದ ಇಣಿಕಿ ನೋಡೀನಿ, ಯಾವ ಪಟ್ಟಿನೂ ಅಡ್ಡ ಇಲ್ಲ, ಪೂರ್ತಿ ತೆರದೈತಿ. ಮಿಸ್ತ್ರಿ ಈಗ ಕಾರ್ಬುರೇಟರ್ ಹೊಸಾದ ತರ್ರಿ ಅನ್ನಾಕತ್ಯಾನ. ಏನ್ ಮಾಡ್ಲಿ?

ಕೆಎ22_ಬಾನೆಟ್ (ಬೆಳಗಾವಿ)
ಮೊದಲ ಫೋಟೋ ಹಾಕ್ರಿ. ಪ್ಲಗ್‌ದ ಅಲ್ಲ, ಜೀಪಿಂದು.

ಮಲಪ್ರಭಾ_ದಂಡಿ
ಅಣ್ಣಾರ ಇದರ ಜೋಡಿ ಬಡಿದಾಡೂದು ಬಿಟ್ಟು ಒಂದು ಡೀಸೆಲ್ ಇಂಜಿನ್ ಹಾಕಿಸಿಬಿಡ್ರಿ, ಸುಖಾ ಇರ್ತೀರಿ. ನಮ್ಮ ಮಾವಾರು ಆಗಿನ ಕಾಲಕ್ಕ ಪೆಟ್ರೋಲ್ ಇಂಜಿನ್ ಇಳಿಸಿ ಅದ ಪ್ಯೂಜೋ ಡೀಸೆಲ್ ಕೂರಿಸಿದ್ರು, ಇಪ್ಪತ್ತು ವರ್ಷ ಕಬ್ಬಿನ ಹೊಲಕ್ಕ ಓಡಾಡ್ಯಾರ.

ಕೆಎ22_ಬಾನೆಟ್
ಹಿಂಗ ಹೇಳಿ ಹೇಳಿನ ಎಲ್ಲಾ ಹರಿಕೇನ್ ಇಂಜಿನ್ ಗುಜರಿಗೆ ಹೋದ್ವು. ಆ ಎತ್ತರದ ಬಾನೆಟ್ ಯಾಕ ಬಂತು ಗೊತ್ತೈತೇನ್ರಿ? ಈ ಇಂಜಿನ್ನಿನ ಸಲುವಾಗಿನ ಬಂತು. ಇನ್‌ಲೆಟ್ ವಾಲ್ವ್ ಮ್ಯಾಲ ಹೆಡ್ಡಿನಾಗ, ಎಕ್ಸಾಸ್ಟ್ ವಾಲ್ವ್ ಕೆಳಗ ಬ್ಲಾಕಿನಾಗ, ಅದಕ್ಕ ಇಂಜಿನ್ ಎತ್ತರ ಆತು, ಬಾನೆಟ್ ಎತ್ತಿದ್ರು. ಆ ಇಂಜಿನ್ ತಗದು ಡೀಸೆಲ್ ಹಾಕಿದ್ರ ಒಳಗ ಬ್ಯಾರೆಯವನ ಸಂಸಾರ ಇದ್ದಂಗ.

ಮಲಪ್ರಭಾ_ದಂಡಿ
ಆತ್ರಿ ಸಂಸಾರ ನಿಮ್ಮದು, ಪೆಟ್ರೋಲ್ ಬಿಲ್ಲೂ ನಿಮ್ಮದ 😀

ಕಬ್ಬಿನ_ಗದ್ದಲ (ಮುಧೋಳ)
ಇದೆಲ್ಲಾ ಇ20 ಪೆಟ್ರೋಲಿನ (20 ಪರ್ಸೆಂಟ್ ಎಥನಾಲ್ ಕೂಡಿಸಿದ್ದು) ಪ್ರಸಾದ. ಹಳೇ ಗಾಡಿಗೆ ಅದು ವಿಷ. ನನ್ನ ಯೆಜ್ಡಿನೂ ಹಂಗ ಮಾಡಾಕತ್ತೈತಿ. ಮಜಾ ನೋಡ್ರಿ, ನಾವ ಕಬ್ಬ ಬೆಳೀತೀವಿ, ಫ್ಯಾಕ್ಟರಿಯವರು ಎಥನಾಲ್ ಮಾಡ್ತಾರ, ಅದ ಬಂದು ನಮ್ಮ ಕಾರ್ಬುರೇಟರ್ ಕೆಡಸ್ತೈತಿ, ಕಬ್ಬಿನ ಬಿಲ್ ಮಾತ್ರ ಟೈಮಿಗೆ ಬರಂಗಿಲ್ಲ.

ಒಂದೂವರೆ_ಸುತ್ತು (ಬೆಳಗಾವಿ)
ಬಿಲ್ಲಿನ ಮಾತು ಒಪ್ಪಿದೆ. ಆದ್ರ ಇ20ಯಿಂದ ಗಾಡಿ ರಿಚ್ (ಗಾಳಿಗಿಂತ ಪೆಟ್ರೋಲ್ ಜಾಸ್ತಿ) ಆಗೂದಿಲ್ಲ, ಉಲ್ಟಾ ಲೀನ್ (ಪೆಟ್ರೋಲ್ ಕಡಿಮಿ) ಆಗ್ತದ. ನಾನು ಪಾಲಿಟೆಕ್ನಿಕ್‌ನಾಗ ಪಾಠ ಹೇಳಾಂವ, ಸ್ವಲ್ಪ ತಡಕೋರಿ. ಬರೇ ಪೆಟ್ರೋಲ್ 1 ಕೆಜಿ ಪೂರ್ತಿ ಸುಡಲಿಕ್ಕೆ ಹತ್ರ ಹತ್ರ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು, ಯಾಕಂದ್ರ ಅದರೊಳಗನ ಆಕ್ಸಿಜನ್ ಇರ್ತದ. ಹಳೇ ಜೆಟ್ (ಪೆಟ್ರೋಲ್ ಬರೂ ಸಣ್ಣ ತೂತು) ಹಂಗ ಇಟ್ಟು ಇ20 ಹಾಕಿದ್ರ ಪೆಟ್ರೋಲ್ ಕಡಿಮಿ ಬಿದ್ದಂಗ ಆಗ್ತದ, ಕರಿ ಹೊಗಿ ಬರೂ ಮಾತ ಇಲ್ಲ. ಇ20 ಕೆಡಸೂದು ಬ್ಯಾರೆ ಕಡೆ: ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಉಬ್ಬತಾವು, ಮೆತ್ತಗಾಗ್ತಾವು, ಮತ್ತ ನಿಂತ ಗಾಡಿ ಟ್ಯಾಂಕಿನಾಗ ನೀರು ಹಿಡೀತದ. ಪೈಪು ಬದಲಿ ಮಾಡ್ರಿ, ಆದ್ರ ಈ ಹೊಗಿಗೆ ಅದು ಕಾರಣ ಅಲ್ಲ.

ಕಬ್ಬಿನ_ಗದ್ದಲ
ಅಂದ್ರ ನನ್ನ ಯೆಜ್ಡಿದು?

ಒಂದೂವರೆ_ಸುತ್ತು
ನಿಮ್ಮ ಯೆಜ್ಡಿ ಎರಡು ಸ್ಟ್ರೋಕ್, ಹೊಗಿ ಬಿಡೂದು ಅದರ ಜಾತಿ ಧರ್ಮ.

ಚೋರ್ಲಾ_ಘಾಟ್
ಎತ್ತರಾನೂ ಲೆಕ್ಕಕ್ಕ ಹಿಡೀರಿ. ನಾನು ಗೋವಾದಿಂದ ಚೋರ್ಲಾ ಹತ್ತಿ ಬೆಳಗಾವಿಗೆ ಬರೂದ್ರಾಗ ನನ್ನ ಜೀಪು ಯಾವಾಗ್ಲೂ ಉಸಿರು ಕಟ್ಟಿದಂಗ ಮಾಡ್ತಿತ್ತು, ಗಾಳಿ ತೆಳುವಾಗಿ ರಿಚ್ ಆಗ್ತೈತಿ.

ಒಂದೂವರೆ_ಸುತ್ತು
ಮಾತು ಖರೆ, ಆದ್ರ ಲೆಕ್ಕಾ ಸಣ್ಣದು. ಬೆಳಗಾವಿ ಸಮುದ್ರ ಮಟ್ಟದಿಂದ 750 ಮೀಟರ್, ವಿಜಯಪುರ 600ರ ಸುತ್ತ. ಅಷ್ಟಕ್ಕ ಮಿಕ್ಸ್ಚರ್ ಎರಡು ಮೂರು ಪರ್ಸೆಂಟ್ ದಪ್ಪ ಆದೀತು, ಅದಕ್ಕ ಆವರೇಜ್ 4ಕ್ಕ ಇಳಿಯೂದಿಲ್ಲ. ಅಷ್ಟಲ್ಲದ ಅವರ ಗಾಡಿ ಐವತ್ತು ವರ್ಷ ಅಲ್ಲೇ ಓಡೈತಿ, ಊರೇನು ಎತ್ತರ ಆಗಿಲ್ಲಲ್ಲ.

ಫ್ಲೋಟ್_ಕಾಕಾ (ಬಾಗಲಕೋಟೆ)
ತಮ್ಮಾ, ಎಲ್ಲಾರ ಮಾತೂ ಓದಿದೆ. ನಾನು ನಲವತ್ತು ವರ್ಷ ಪಾನಾ ಹಿಡದಾಂವ, ಮುಳುಗಡಿ ಆಗೂಕಿಂತ ಮೊದಲ ಹಳೇ ಬಾಗಲಕೋಟ್ಯಾಗ ನಮ್ಮ ಗ್ಯಾರೇಜಿತ್ತು, ಇಲಾಖೆ ಜೀಪು, ಗುತ್ತಿಗೆದಾರರ ಜೀಪು ಎಲ್ಲಾ ಅಲ್ಲಿಗೇ ಬರ್ತಿದ್ವು. ಕಾರ್ಬುರೇಟರ್ ಹೊಸಾದು ಸದ್ಯಕ್ಕ ತರಬ್ಯಾಡ.

ನೀ ಬರದದ್ರಾಗ ಒಂದ ಮಾತು ಮುಖ್ಯ ಐತಿ: ಸ್ಕ್ರೂ ಪೂರ್ತಿ ಬಿಗದ್ರೂ ಇಂಜಿನ್ ಬಂದ್ ಬೀಳಂಗಿಲ್ಲ ಅಂದಿ. ಆ ಸ್ಕ್ರೂ ಸ್ಲೋದ ಪೆಟ್ರೋಲ್ ಅಷ್ಟ ಕಾಯ್ತೈತಿ. ಅದನ್ನ ಮುಚ್ಚಿದ ಮ್ಯಾಲೂ ಇಂಜಿನ್ ಉಣ್ಣಾಕತ್ತೈತಿ ಅಂದ್ರ ಬ್ಯಾರೆ ಬಾಗಲದಿಂದ ಊಟ ಬರಾಕತ್ತೈತಿ. ಆ ಬಾಗಲ ಹುಡುಕೂದು ಬಿಟ್ಟು ಸ್ಕ್ರೂ ತಿರುವಕೋತ ಕುಂತ್ರ ಸಂಜಿ ಆಗ್ತೈತಿ. ಬಾಗಲ ಇಷ್ಟ ಇರಬಹುದು. ಸ್ಲೋ ಸ್ಕ್ರೂ ಭಾಳ ಏರಿಸಿ ಥ್ರಾಟಲ್ ಪಟ್ಟಿ (ಆಕ್ಸಲೇಟರ್ ಒತ್ತಿದ್ರ ತೆರಿಯೂದು) ತೆರದಿಟ್ಟಿದ್ರ ಮೇನ್ ಜೆಟ್ ಸುರು ಆಗಿಬಿಡ್ತೈತಿ, ಹಂಗಾಗಿ ಮೊದಲ ಅದನ್ನ ಇಳಿಸು, 600 ಆರ್‌ಪಿಎಂ ಸುತ್ತ ಸಾಕು. ಎರಡನೇದು, ಕಾರ್ಬುರೇಟರಿನ ಬಟ್ಟಲದಾಗ ಪೆಟ್ರೋಲ್ ಮಟ್ಟ ಏರಿದ್ರ ಮೇನ್ ನಳಿಗಿಯಿಂದ ತಾನ ಸುರೀತೈತಿ. ಮಟ್ಟ ಯಾಕ ಏರ್ತೈತಿ? ಹಿತ್ತಾಳಿ ಫ್ಲೋಟ್ (ಪೆಟ್ರೋಲ್ ಮ್ಯಾಲ ತೇಲೂ ಡಬ್ಬಿ) ತೂತ ಬಿದ್ದು ಒಳಗ ಪೆಟ್ರೋಲ್ ಹೊಕ್ಕಿರ್ತೈತಿ, ಇಲ್ಲಾ ನೀಡಲ್ (ಫ್ಲೋಟ್ ಏರಿದಾಗ ಪೆಟ್ರೋಲ್ ದಾರಿ ಮುಚ್ಚೂ ಸೂಜಿ) ಸವದಿರ್ತೈತಿ, ಇಲ್ಲಾ ಪಂಪ್ ಜೋರ ಒತ್ತತೈತಿ. ಫ್ಲೋಟ್ ಕಿವಿ ಹತ್ರ ಹಿಡದು ಅಲುಗಾಡಿಸು, ಗುಳುಗುಳು ಅಂದ್ರ ತೂತ. ಅನುಮಾನ ಇದ್ರ ಬಿಸಿ ನೀರಾಗ ಅದ್ದು, ಗುಳ್ಳಿ ಏಳ್ತಾವು. ಬೆಸುಗಿ ಹಾಕಿಸಿದ್ರ ಕಾಳಿನಷ್ಟ ಹಾಕಿಸು, ಭಾರ ಆದ್ರ ಮತ್ತ ಮಟ್ಟ ಏರ್ತೈತಿ.

ಬಿಚ್ಚೂಕಿಂತ ಮೊದಲ ಒಂದ ಪರೀಕ್ಷಾ ಮಾಡು. ಬಿಸಿ ಆಗಿ ಕುಂಟೂ ಮುಂದ ಕಾರ್ಬುರೇಟರಿಗೆ ಹೋಗೂ ರಬ್ಬರ್ ಪೈಪ್ ಬಟ್ಟಿ ಸುತ್ತಿ ಪಕ್ಕಡದ್ಲೆ ಒತ್ತಿ ಹಿಡಿ. ಬಟ್ಟಲ ಖಾಲಿ ಆಕ್ಕೋತ ಹ್ವಾದಂಗ ಇಂಜಿನ್ ಒಮ್ಮಿಗ್ಲೆ ನುಣ್ಣಗ ಓಡಿ ಆಮ್ಯಾಲ ಬಂದ್ ಬಿತ್ತು ಅಂದ್ರ ಮಟ್ಟದ್ದ ದೋಷ, ಲಿಖಿತ ಕೊಡ್ತೀನಿ. ಇನ್ನೊಂದು, ಸ್ಲೋದಾಗ ಓಡೂ ಮುಂದ ಮ್ಯಾಲಿನ ಮೊಣಕೈ ಪೈಪ್ ತಗದು ಮೊಬೈಲ್ ಬ್ಯಾಟ್ರಿ ಹಾಕಿ ಗಂಟಲದಾಗ ನೋಡು, ಮೇನ್ ನಳಿಗಿ ಒಣಾ ಇರಬೇಕು. ಹನಿ ಬೀಳ್ತಿದ್ರ ಅದ ಕಳ್ಳ. ಮುಖ ದೂರ ಇಡು, ಬಾಜೂಕ ಉಸುಕಿನ ಬಕೀಟ ಇಟ್ಕೊ, ಬೀಡಿ ಸೇದೂ ಗೆಳ್ಯಾರ್ನ ಹೊರಗ ಹಾಕು.

ಹೆಬ್ಬಾಳ_ಗ್ಯಾರೇಜ್ (ಬೆಂಗಳೂರು)
ಕಾಕಾ ಹೇಳಿದ್ದು ಸರಿ ಇದೆ ಆದ್ರೆ ಎಲ್ಲರೂ ಕಾರ್ಬುರೇಟರ್ ಹಿಂದೇನೇ ಬಿದ್ದಿದೀರಲ್ಲ, ಇಗ್ನಿಷನ್ ಯಾರೂ ಕೇಳ್ತಾನೇ ಇಲ್ಲ. ಕಿಡಿ ವೀಕ್ ಇದ್ರೂ ಪೆಟ್ರೋಲ್ ಪೂರ್ತಿ ಸುಡಲ್ಲ, ಪ್ಲಗ್ ಕಪ್ಪಾಗುತ್ತೆ, ನೋಡೋಕೆ ರಿಚ್ ಥರಾನೇ ಇರುತ್ತೆ. ಪಾಯಿಂಟ್ ಗ್ಯಾಪ್ 0.5 ಎಂಎಂ, ಪ್ಲಗ್ ಗ್ಯಾಪ್ 0.75, ಟೈಮಿಂಗ್ 5 ಡಿಗ್ರಿ ಬಿಟಿಡಿಸಿ (ಪಿಸ್ಟನ್ ತುದಿ ಮುಟ್ಟೋಕೆ ಮುಂಚೆ). ಕಂಡೆನ್ಸರ್ (ಪಾಯಿಂಟ್ ಜೊತೆ ಕಿಡಿಗೆ ಸಹಾಯ ಮಾಡೋ ಸಣ್ಣ ಡಬ್ಬಿ) ಬಿಸಿಗೆ ಕೈ ಕೊಡೋದು ಮಾಮೂಲಿ, ಬಿಸಿ ಆದ್ಮೇಲೆ ಮಾತ್ರ ಪ್ರಾಬ್ಲಮ್ ಅಂದ್ರೆ ನಂಗೆ ಅದೇ ಡೌಟು.

ಫ್ಲೋಟ್_ಕಾಕಾ
ಡೆಲ್ಕೋ (ಡಿಸ್ಟ್ರಿಬ್ಯೂಟರ್, ಪ್ಲಗ್ಗಿಗೆ ಕಿಡಿ ಹಂಚೂದು) ನೋಡೂದು ಚಲೋನ, ಆದ್ರ ಕಂಡೆನ್ಸರ್ ಹ್ವಾದ್ರ ಪೆಟ್ರೋಲ್ ವಾಸನಿ ಬರ್ತೈತಿ, ಕರಿ ಹೊಗಿ ಇಷ್ಟ ಕಟ್ಟಂಗಿಲ್ಲ, ಪಟಾಕಿ ಹೊಡೀತೈತಿ. ತಣ್ಣಗಿದ್ದಾಗ ಚಲೋ, ಬಿಸಿ ಆದ್ರ ಕೆಟ್ಟ, ಇದು ರಿಚ್‌ದ ಗುಣ ಸರ. ತಣ್ಣನ ಇಂಜಿನ್ನಿಗೆ ರಿಚ್ ಬೇಕಾಗಿರ್ತೈತಿ, ಅದಕ್ಕ ಅಲ್ಲಿ ಮುಚ್ಚಿ ಹೋಗ್ತೈತಿ.

ಎರಿಹೊಲ_ಜೀಪು
ಕಾಕಾ ನಮಸ್ಕಾರ್ರಿ. ಎರಡೂ ಪರೀಕ್ಷಾ ಮಾಡಿದ್ವಿ. ಪೈಪ್ ಒತ್ತಿ ಹಿಡದ್ರ ಸ್ವಲ್ಪೊತ್ತಿಗೆ ನೀವು ಅಂದಂಗ ಒಮ್ಮಿಗ್ಲೆ ನುಣ್ಣಗ ಆತು, ಒಂದು ಹದಿನೈದಿಪ್ಪತ್ತು ಸೆಕೆಂಡ್ ಹೊಲಿಗಿ ಮಷಿನ್ ಗತೆ ಓಡಿ ಬಂದ್ ಬಿತ್ತು. ನಮ್ಮ ತಮ್ಮ ಚಪ್ಪಾಳಿ ಹೊಡದ. ನಳಿಗ್ಯಾಗ ಹನಿನೂ ಬೀಳಾಕತ್ತೈತಿ. ಫ್ಲೋಟ್ ಬಿಸಿ ನೀರಾಗ ಹಾಕಿದ್ವಿ, ಗುಳ್ಳಿ ಇಲ್ಲ, ಅಲುಗಾಡ್ಸಿದ್ರ ಸಪ್ಪಳ ಇಲ್ಲ. ನೀಡಲ್ ಹೊಸಾದ. ಕಂಡೆನ್ಸರ್ 120 ರೂಪಾಯಿಗೆ ತಂದು ಬದಲಿ ಮಾಡಿದೆ, ಏನೂ ಫರಕ ಇಲ್ಲ. ಇನ್ನೊಂದು ವಿಚಿತ್ರ, ಇಂಜಿನ್ ಆಯಿಲ್ ಹಾಕಿದ್ದಕ್ಕಿಂತ ಜಾಸ್ತಿ ಆಗೈತಿ, ಡಿಪ್‌ಸ್ಟಿಕ್‌ನಾಗ ಗುರ್ತಿಗಿಂತ ಮ್ಯಾಲ ಐತಿ. ಚಲೋನೋ ಕೆಟ್ಟೋ?

ಒಂದೂವರೆ_ಸುತ್ತು
ಕೆಟ್ಟ!! ಗಾಡಿ ಬಂದ್ ಮಾಡ್ರಿ. ಆಯಿಲ್ ಹಡದಿಲ್ಲ, ಅದರಾಗ ಪೆಟ್ರೋಲ್ ಇಳದದ. ಡಿಪ್‌ಸ್ಟಿಕ್ ಮೂಸಿ ನೋಡ್ರಿ. ತೆಳು ಆದ ಆಯಿಲಿನ ಮ್ಯಾಲ ಓಡಿಸಿದ್ರ ಬೇರಿಂಗ್ ಹೋಗ್ತಾವು, ಆಮ್ಯಾಲ ಕಾರ್ಬುರೇಟರ್ ಚಿಂತಿ ಇರೂದ ಇಲ್ಲ. ಎಲ್ಲಾ ಇಳಿಸಿ ಸದ್ಯಕ್ಕ ಕಡಿಮಿ ರೇಟಿನ ಆಯಿಲ್ ಹಾಕ್ರಿ, ರಿಪೇರಿ ಮುಗದ ಮ್ಯಾಲ ಅದನ್ನೂ ಒಮ್ಮೆ ಬದಲಿ ಮಾಡ್ರಿ. ಪಂಪಿನ ಡಯಾಫ್ರಮ್ ಹರದ್ರೂ ಪೆಟ್ರೋಲ್ ಸೀದಾ ಆಯಿಲ್ ಚೇಂಬರಿಗೆ ಇಳೀತದ, ಅದನ್ನೂ ನೋಡ್ರಿ. ಪಂಪಿಗೆ ಗೇಜ್ ಹಚ್ಚಿ ಒತ್ತಡ ಅಳೀರಿ, ಎರಡೂವರೆಯಿಂದ ಮೂರೂಮುಕ್ಕಾಲು ಪಿಎಸ್‌ಐ ಒಳಗ ಇರಬೇಕು.

ಚೋರ್ಲಾ_ಘಾಟ್
ಪಂಪೇ ಇರಬೇಕು ನೋಡ್ರಿ, ನಾನು ಮೊದಲ ಹೇಳಬೇಕಂತಿದ್ದೆ.

ಕೆಎ22_ಬಾನೆಟ್
ಮೊದಲ ಎತ್ತರ ಅಂತ ಹೇಳಿದ್ರಿ.

ಚೋರ್ಲಾ_ಘಾಟ್
ಎರಡೂ.

ಸೋಲೆಕ್ಸ್_ಸಂಗಣ್ಣ (ಜಮಖಂಡಿ)
ಒಂದ ನಿಮಿಷ ಎಲ್ಲಾರೂ ತಡೀರಿ. ಮೊದಲ ಪೋಸ್ಟ್ ಮತ್ತೊಮ್ಮಿ ಓದಿದೆ. "ಮ್ಯಾಲಿಂದ ಇಣಿಕಿ ನೋಡೀನಿ, ಚೋಕ್ ಪಟ್ಟಿ ಅಡ್ಡ ಇಲ್ಲ" ಅಂತ ಬರದಾರ. ಅಲ್ರೀ, ನಿಮ್ಮದು ಸೋಲೆಕ್ಸ್ ಇದ್ರ ಪಟ್ಟಿ ಹೆಂಗ ಕಾಣಬೇಕು? ಕಾರ್ಟರ್ ವೈಎಫ್ (ಇನ್ನೊಂದು ನಮೂನಿ ಕಾರ್ಬುರೇಟರ್) ಇದ್ರ ಗಂಟಲದಾಗ ಚೋಕ್ ಪಟ್ಟಿ ಇರ್ತೈತಿ, ಮ್ಯಾಲಿಂದ ಕಾಣ್ತೈತಿ. ನಮ್ಮ ಕಡೆ ಜೀಪಿಗೆ ಬರೂ ಸೋಲೆಕ್ಸ್ 32 ಪಿಬಿಐಸಿಗೆ ಪಟ್ಟೀನ ಇಲ್ಲ! ಬಾಜೂಕ ಒಂದು ತಿರುಗೂ ಬಿಲ್ಲಿ ಇರ್ತೈತಿ, ಸ್ಟಾರ್ಟರ್ ಡಿಸ್ಕ್ ಅಂತಾರ, ಚೋಕ್ ಕೇಬಲ್ ಎಳದ್ರ ಅದು ತಿರುಗಿ ಸಣ್ಣ ದಾರಿಯಿಂದ ಪೆಟ್ರೋಲ್ ಸುರೀತೈತಿ. ಡ್ಯಾಶ್‌ನಾಗ ಗುಂಡಿ ಪೂರ್ತಿ ಒತ್ತಿದ್ರೂ ಕೇಬಲ್ ಸಡ್ಲ ಇಲ್ಲಾ ಗಿಡ್ಡ ಆಗಿದ್ರ ಬಾಜೂದ ಲಿವರ್ ಅರ್ಧಕ್ಕ ನಿಂತಿರ್ತೈತಿ. ಮ್ಯಾಲಿಂದ ಎಷ್ಟ ಇಣುಕಿದ್ರೂ ತಿಳಿಯಂಗಿಲ್ಲ. ಲಿವರ್ ಕೈಲೆ ಹಿಂದಕ್ಕ ಒತ್ತಿ ನೋಡ್ರಿ, ಅಲುಗಾಡಿದ್ರ ಕೇಬಲ್ ಬಿಚ್ಚಿ ಓಡಿಸ್ರಿ.

ಫ್ಲೋಟ್_ಕಾಕಾ
ಶಾಬಾಶ್ ಸಂಗಣ್ಣ. ನಾನೂ ಆ ಸಾಲು ಓದಿ ಮುಂದ ಹೋಗಿಬಿಟ್ಟೆ, ವಯಸ್ಸಾತು. ಪೈಪ್ ಪರೀಕ್ಷಾಕ್ಕ ನಾ ಲಿಖಿತ ಕೊಟ್ಟಿದ್ದೂ ಅವಸರ ಆತು, ಬಟ್ಟಲದಾಗ ಪೆಟ್ರೋಲ್ ಇಳದ್ರ ಸ್ಟಾರ್ಟರ್ ದಾರಿಗೂ ಕಡಿಮಿ ಬೀಳ್ತೈತಿ, ನುಣ್ಣಗ ಓಡೂದು ಎರಡರಾಗೂ ಆಗ್ತೈತಿ. ಆದ್ರ ಮೇನ್ ನಳಿಗ್ಯಾಗ ಹನಿ ಬೀಳೂದಕ್ಕ ಚೋಕ್ ಕಾರಣ ಅಲ್ಲ. ಎರಡ ರೋಗ ಇರಬೇಕು.

ಎರಿಹೊಲ_ಜೀಪು
ಸಂಗಣ್ಣಾರ ನಿಮ್ಮ ಕಾಲಿಗೆ ಬೀಳ್ತೀನಿ!! ಲಿವರ್ ಅರ್ಧದಷ್ಟ ನಿಂತಿತ್ತು. ಮಿಸ್ತ್ರಿ ಕೇಬಲ್ ಕಟ್ಟೂ ಮುಂದ ಡ್ಯಾಶ್ ಗುಂಡಿ ಹೊರಗ ಇದ್ದಾಗ ಬಿಗದಾನ ಕಾಣ್ತೈತಿ. ಕೇಬಲ್ ಬಿಚ್ಚಿ ಲಿವರ್ ಪೂರ್ತಿ ಹಿಂದ ಒತ್ತಿ ಓಡಿಸಿದೆ, ಹೊಗಿ ಅರ್ಧಕ್ಕರ್ಧ ಇಳೀತು. ಈಗ ಮಿಕ್ಸ್ಚರ್ ಸ್ಕ್ರೂ ಒಳಗ ಹಾಕಿದ್ರ ಇಂಜಿನ್ ಮಾತ ಕೇಳ್ತೈತಿ, ಪೂರ್ತಿ ಬಂದ್ ಆಗಂಗಿಲ್ಲ ಆದ್ರ ಗೋಳಾಡ್ತೈತಿ. ಆಯಿಲ್ ಬದಲಿ ಮಾಡಿದೆ, ಹಳೇದ್ರಾಗ ಪೆಟ್ರೋಲ್ ಘಾಟು ಭಾಳ ಇತ್ತು. ಪಂಪಿಗೆ ಗೇಜ್ ಹಚ್ಚಿಸಿದೆ, 3 ಪಿಎಸ್‌ಐ, ಡಯಾಫ್ರಮ್ ಸುದ್ದ ಐತಿ. ನಳಿಗ್ಯಾಗ ಹನಿ ಮಾತ್ರ ನಿಂತಿಲ್ಲ.

ಕಬ್ಬಿನ_ಗದ್ದಲ
ಮಿಕ್ಸ್ಚರ್ ಸ್ಕ್ರೂ ಒಳಗ ಹಾಕಿದ್ರ ರಿಚ್ ಆಗ್ತೈತಲ್ರೀ? ನಮ್ಮ ಯೆಜ್ಡಿಗೆ ಹಂಗ ಐತಿ.

ಸೋಲೆಕ್ಸ್_ಸಂಗಣ್ಣ
ಅದು ಗಾಳಿ ಸ್ಕ್ರೂ, ಅದಕ್ಕ. ಒಳಗ ಹಾಕಿದ್ರ ಗಾಳಿ ಕಡಿಮಿ, ರಿಚ್. ಜೀಪಿನ ಸೋಲೆಕ್ಸ್‌ದು ಥ್ರಾಟಲ್ ಕೆಳಗ ಮಿಕ್ಸ್ಚರ್ ಬರೂ ತೂತ ಮುಚ್ಚೂ ಸ್ಕ್ರೂ, ಒಳಗ ಹಾಕಿದ್ರ ಲೀನ್. ಯೆಜ್ಡಿ ವಿದ್ಯಾ ಜೀಪಿಗೆ ನಡಿಯಂಗಿಲ್ಲ.

ಫ್ಲೋಟ್_ಕಾಕಾ
ಪಂಪ್ ಸುದ್ದ, ಫ್ಲೋಟ್ ಸುದ್ದ, ನೀಡಲ್ ಹೊಸಾದು. ಹಂಗಾದ್ರ ಒಂದ ಉಳೀತು. ತಮ್ಮಾ, ಮುಚ್ಚಳಾ ಎತ್ತಿ ನೀಡಲ್‌ದ ಹಿತ್ತಾಳಿ ಕೊಳವಿ ಬಿಚ್ಚು. ಅದರ ಬುಡಕ ಒಂದು ವಾಷರ್ ಇರಬೇಕು, ಐತೇನು? ಕಿಟ್ ಹಾಕೂ ಮುಂದ ಹಳೇ ಕೊಳವಿ ಬಿಚ್ಚಿದ್ರ ವಾಷರ್ ಮುಚ್ಚಳಕ್ಕ ಅಂಟಿರ್ತೈತಿ ಇಲ್ಲಾ ಪೆಟ್ರೋಲ್ ಬೋಗುಣ್ಯಾಗ ಬಿದ್ದು ಹೋಗ್ತೈತಿ. ವಾಷರ್ ಇಲ್ಲಂದ್ರ ನೀಡಲ್ ಮುಚ್ಚಿದ್ರೂ ಪೆಟ್ರೋಲ್ ಚೂಡಿ (ಥ್ರೆಡ್) ಸಂದ್ಯಾಗಿಂದ ಜಿನುಗ್ತೈತಿ. ಸೋಲೆಕ್ಸ್‌ನಾಗ ಮಟ್ಟ ಕೂರಸೂದೂ ಅದರಿಂದನ, ವಾಷರ್ ದಪ್ಪ ಆದಂಗ ಕೊಳವಿ ಕೆಳಗ ಬರ್ತೈತಿ, ಫ್ಲೋಟ್ ಲಗೂ ಮುಚ್ಚತೈತಿ, ಮಟ್ಟ ಇಳೀತೈತಿ. ಫ್ಲೋಟಿನ ತಗಡ ಬಗ್ಗಿಸಬ್ಯಾಡ, ಆ ಚಾಳಿ ಕಾರ್ಟರ್‌ದು.

ಕೆಎ22_ಬಾನೆಟ್
ಕಾಕಾ ನೀವು ಗ್ಯಾರೇಜ್ ಯಾಕ ಬಂದ್ ಮಾಡಿದ್ರಿ?

ಫ್ಲೋಟ್_ಕಾಕಾ
ಊರ ನೀರಾಗ ಹ್ವಾತು. ನವನಗರದಾಗ ಮತ್ತ ತಗದೆ, ಅಷ್ಟೊತ್ತಿಗೆ ಎಲ್ಲಾ ಗಾಡಿಗೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಜೋಡಿ ನನಗ ಮಾತಾಡಾಕ ಬರಂಗಿಲ್ಲ.

ಮಲಪ್ರಭಾ_ದಂಡಿ
ಬ್ಯಾರೆ ಮಾತು, ಈ ಗಾಡಿ ಪಾಸಿಂಗ್ ಹೆಂಗ್ರಿ? 50 ವರ್ಷ ದಾಟಿದ್ದಕ್ಕ ವಿಂಟೇಜ್ ನಂಬರ್ ಕೊಡ್ತಾರಂತಲ್ಲ, ಅದ ಮಾಡಸ್ರಿ, ಶಾನ್ ಇರ್ತೈತಿ.

ಒಂದೂವರೆ_ಸುತ್ತು
ಶಾನ್ ಇರ್ತದ, ಆದ್ರ ಹೊಲಕ್ಕ ಹೋಗಲಿಕ್ಕೆ ಬರೂದಿಲ್ಲ. 2021ರ ನಿಯಮ ಅದು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ "ವಿಎ" ಅಕ್ಷರದ ನಂಬರ್, ಹೊಸಾ ನೋಂದಣಿಗೆ 20,000, ಹತ್ತು ವರ್ಷದ ಮ್ಯಾಲ ಮರುನೋಂದಣಿಗೆ 5,000. ಆ ನಂಬರ್ ಹಾಕಿದ ಮ್ಯಾಲ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕ್ಸೂದು, ರಿಪೇರಿ, ಇಂಥಾದ್ದಕ್ಕಷ್ಟ ರಸ್ತೆಗೆ ಬರಬಹುದು. ದಿನಾ ಓಡಸಾವ್ರು ಸಾದಾ ಆರ್‌ಸಿನ ಐದೈದು ವರ್ಷಕ್ಕ ರಿನ್ಯೂ ಮಾಡಿಸಿಕೊಂಡು ಇರೂದು ಪಾಡ.

ಮಲಪ್ರಭಾ_ದಂಡಿ
ಅಂದ್ರ ಡೀಸೆಲ್ ಹಾಕಿಸಿದ ನಮ್ಮ ಮಾವಾರ ಜೀಪಿಗೆ?

ಕೆಎ22_ಬಾನೆಟ್
"ಮೂಲ ರೂಪ ಕೆಡದ" ಅಂತ ಬರದಾರ, ಓದ್ರಿ 😀

ಎರಿಹೊಲ_ಜೀಪು
ವಾಷರ್ ಇಲ್ಲ!!! ಕಾಕಾ, ಕೊಳವಿ ಬಿಚ್ಚಿದ್ರ ಬುಡಕ ಏನಂದ್ರ ಏನೂ ಇಲ್ಲ. ಮಿಸ್ತ್ರಿನ್ನ ಕೇಳಿದ್ರ "ಕಿಟ್‌ನಾಗ ಬಂದಿರ್ಲಿಲ್ರಿ" ಅಂದ. ಅವನ ಮ್ಯಾಲ ಸಿಟ್ಟು ಬರಬೇಕಂದ್ರ ಬರವಲ್ದು, ಹುಡುಗ ಇನ್ನೂ ಇಪ್ಪತ್ತೆರಡು ವರ್ಷದಾಂವ, ಸೋಲೆಕ್ಸ್ ಬಿಚ್ಚಿದ್ದ ಇದ ಮೊದಲಂತ. ವಿಜಯಪುರಕ್ಕ ಹೋಗಿ ಡೀಸೆಲ್ ಪಂಪ್ ರಿಪೇರಿ ಅಂಗಡ್ಯಾಗ ತಾಂಬ್ರದ ವಾಷರ್ ಒಂದು ಎಂಎಂ ದಪ್ಪಂದು ಹುಡುಕಿ ತಂದೆ, ಬೆಲಿ ಹತ್ತ ರೂಪಾಯಿ. ಹೊಸಾ ಕಾರ್ಬುರೇಟರಿಗೆ ಸಾವಿರಗಟ್ಟಲೆ ಹಾಕಾಂವಿದ್ದೆ.

ಕೂರಿಸಿ ಓಡಿಸಿದೆ. ನಳಿಗಿ ಒಣಾ. ಸ್ಕ್ರೂ ಪೂರ್ತಿ ಒಳಗ ಹಾಕಿದ್ರ ಇಂಜಿನ್ ಬಂದ್! ಇಂಜಿನ್ ಬಂದ್ ಬಿದ್ದದ್ದಕ್ಕ ಇಷ್ಟ ಖುಷಿ ಪಟ್ಟಾಂವ ನಾನ ಮೊದಲ ಇರಬೇಕು. ಆಮ್ಯಾಲ ಒಂದೂವರೆ ಸುತ್ತು ಹೊರಗ ತಗದು ಕಿವಿಗೊಟ್ಟು ಸೆಟ್ ಮಾಡಿದೆ. ನಿನ್ನಿ ಸಿಂದಗಿಗೆ ಹೋಗಿ ಬಂದೆ, ಟ್ಯಾಂಕ್ ತುಂಬಿಸಿ ಲೆಕ್ಕಾ ಹಿಡದ್ರ 8.5 ಕೊಟ್ಟೈತಿ. ಪ್ಲಗ್ ಚಹಾದ ಬಣ್ಣಕ್ಕ ಬಂದಾವು.

ಹೆಬ್ಬಾಳ_ಗ್ಯಾರೇಜ್
ಸೂಪರ್. ಕಂಡೆನ್ಸರ್ 120 ರೂಪಾಯಿ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ ಸಾರ್.

ಚೋರ್ಲಾ_ಘಾಟ್
8.5 ಭಾಳ ಚಲೋ, ನನಗ 7ರ ಮ್ಯಾಲ ಎಂದೂ ಬಂದಿಲ್ಲ.

ಸೋಲೆಕ್ಸ್_ಸಂಗಣ್ಣ
ಏರ್ ಕ್ಲೀನರ್ ಎಣ್ಣಿ ಗುರ್ತಿನ ಗೆರಿತನಕ ಅಷ್ಟ ಐತೇನು ನೋಡ್ರಿ. ಎರಿ ಧೂಳ ಅಂತ ಹೇಳಿ ನಮ್ಮ ಕಡೆ ಎರಡು ಬೆರಳು ಜಾಸ್ತಿ ಸುರೀತಾರ, ಗಾಳಿ ಕಟ್ಟಿ ಮತ್ತ ರಿಚ್ ಆಗ್ತೈತಿ.

ಎರಿಹೊಲ_ಜೀಪು
ಎರಡು ಬೆರಳು ಜಾಸ್ತಿನ ಇತ್ರಿ 🙈 ತಗದೆ. ಈಗ ಉಳದದ್ದು ಒಂದ. ಬಿಸಿ ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಚಹಾ ಕುಡದು ಬಂದ್ರ ಲಗೂ ಏಳವಲ್ದು, ಹ್ಯಾಂಡಲ್ ಹೊಡೀಬೇಕಾಗ್ತೈತಿ. ಅರ್ಧ ತಾಸು ಬಿಟ್ರ ತಾನ ಏಳ್ತೈತಿ.

ಫ್ಲೋಟ್_ಕಾಕಾ
ಇಂಜಿನ್ ಬಿಸಿಗೆ ಬಟ್ಟಲದಾಗ ಪೆಟ್ರೋಲ್ ಕುದ್ದು ಗಂಟಲಕ್ಕ ಉಕ್ಕತೈತಿ. ಕಾರ್ಬುರೇಟರ್ ಹೆಡ್ಡಿನ ಮ್ಯಾಲ ಕುಂತಿರ್ತೈತಲ್ಲ, ಬಿಸಿ ಕೆಳಗಿಂದನ ಏರ್ತೈತಿ. ಬುಡಕ ದಪ್ಪನ ಬೇಕಲೈಟ್ ಪ್ಯಾಕಿಂಗ್ ಐತೇನ ನೋಡು. ಏಳಸೂ ಮುಂದ ಆಕ್ಸಲೇಟರ್ ಪೂರ್ತಿ ಒತ್ತಿ ಹಿಡದು ಸೆಲ್ಫ್ ಹೊಡಿ, ಪಂಪ್ ಹೊಡದಂಗ ಮತ್ತ ಮತ್ತ ಒತ್ತಬ್ಯಾಡ.

ಕೆಎ22_ಬಾನೆಟ್
ಫೋಟೋ?

ಎರಿಹೊಲ_ಜೀಪು
ತಗೋರಿ, ನಾಕು ಹಾಕೀನಿ. ಮೂರನೇದು ಬಾನೆಟ್ ಎತ್ತಿದ್ದು.

ಕೆಎ22_ಬಾನೆಟ್
ಆಹಾ, ಮುಂದಿನ ಗ್ರಿಲ್ ನೋಡಿ ಕಣ್ಣ ತಂಪಾದ್ವು. ಆದ್ರ ಮೂರನೇ ಫೋಟೋದಾಗ ಪಂಪಿನಿಂದ ಮ್ಯಾಲ ಬರೂ ಆ ರಬ್ಬರ್ ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಆತಕೊಂಡೈತಲ್ಲ? ಹಿಂಗಿದ್ರ ಪೆಟ್ರೋಲ್ ಕುದಿಯದ ಏನ್ ಮಾಡೀತು, ಬೆಂಕಿನೂ ಹತ್ತತೈತಿ.

ಫ್ಲೋಟ್_ಕಾಕಾ
ಅಯ್ಯ ಶಿವನ. ತಮ್ಮಾ, ಅದನ್ನ ಇವತ್ತ ಬದಲಿ ಮಾಡು. ಮೊದಲ ಅಲ್ಲಿ ಲೋಹದ ಪೈಪ್ ಇರ್ತಿತ್ತು, ದೂರ ಬಾಗಿಸಿ ಕ್ಲಾಂಪ್ ಹಾಕಿರ್ತಿದ್ರು.

ಎರಿಹೊಲ_ಜೀಪು
ಈಗ ಹೋಗಿ ಮುಟ್ಟಿ ನೋಡಿದ್ನಿರಿ, ಪೈಪ್ ಒಂದ ಕಡೆ ಮೆತ್ತಗ ಆಗಿ ಹೊಳೀತೈತಿ. ಬ್ಯಾಟ್ರಿ ತಂತಿ ಬಿಚ್ಚಿಟ್ಟೀನಿ. ನಾಳೆ ಮುಂಜಾನಿ ಅದ ಹುಡುಗನ್ನ ಕರಕೊಂಡು ಲೋಹದ ಪೈಪ್ ತರಾಕ ವಿಜಯಪುರಕ್ಕ ಹೊಂಟೀನಿ, ಬಸ್ಸಿನ್ಯಾಗ.